ಒಂದೇ ಅಡುಗೆಮನೆ, ಬೇರೆ ಬೇರೆ ಬೀಗ: ಕೂಡಿ ಬಾಳುವವರಿಗೆ ಡಾಲ್‌ಹೌಸಿ ಚೌಕದ ಸೂತ್ರಗಳು

ಕೋಲ್ಕತ್ತದ ಬಿಬಿಡಿ ಬಾಗ್‌ನಲ್ಲಿ ಹಗಲು ಕಾಲಿಡಲು ಜಾಗವಿಲ್ಲ, ರಾತ್ರಿ ಮಾತಾಡಿಸಲು ಜನವಿಲ್ಲ. ಲಾಲ್‌ದಿಘಿ ಕೆರೆಯ ಸುತ್ತ ಜಿಪಿಒ, ರಿಸರ್ವ್ ಬ್ಯಾಂಕ್, ಟೆಲಿಫೋನ್ ಭವನ. ಎಲ್ಲವೂ ಆಫೀಸೇ. ಡಾಲ್‌ಹೌಸಿ ಚೌಕವೆಂದಿದ್ದ ಈ ಜಾಗಕ್ಕೆ ಸ್ವಾತಂತ್ರ್ಯದ ನಂತರ ಬಿನಯ್, ಬಾದಲ್, ದಿನೇಶ್ ಎಂಬ ಮೂವರು ಕ್ರಾಂತಿಕಾರಿ ಯುವಕರ ಹೆಸರು ಬಂತು. 1930ರ ಡಿಸೆಂಬರ್ 8ರಂದು ಅವರು ಪಿಸ್ತೂಲು ಹಿಡಿದು ನುಗ್ಗಿದ್ದು ಇಲ್ಲಿನ ರೈಟರ್ಸ್ ಬಿಲ್ಡಿಂಗ್‌ಗೆ. ಆ ಕೆಂಪು ಕಟ್ಟಡ ಹುಟ್ಟಿದ್ದು ಮಾತ್ರ ಕಚೇರಿಯಾಗಿ ಅಲ್ಲ, ವಸತಿಯಾಗಿ. 1777ರಲ್ಲಿ ಥಾಮಸ್ ಲಯನ್ ಅದನ್ನು ಕಟ್ಟಲು ತೊಡಗಿದ್ದು ಈಸ್ಟ್ ಇಂಡಿಯಾ ಕಂಪನಿಯ ಮೀಸೆ ಮೂಡದ ಗುಮಾಸ್ತರಿಗಾಗಿ. ಒಟ್ಟು 19 ಮನೆ.

ನಮ್ಮಲ್ಲಿ ಈಗ ನಾಲ್ಕು ಜನ ಗೆಳೆಯರು ಕಾಫಿಗೆ ಕೂತರೆ ಒಂದು ಮಾತು ಬಂದೇ ಬರುತ್ತದೆ: "ರಿಟೈರ್ ಆದ್ಮೇಲೆ ಎಲ್ಲರೂ ಒಂದೇ ಕಡೆ ಸೈಟ್ ತಗೊಂಡು ಇದ್ದುಬಿಡೋಣ ಕಣ್ರೀ." ಮಾತು ಕಾಫಿ ಲೋಟದ ಜತೆಗೇ ಮುಗಿಯುತ್ತದೆ. ಮುಂದುವರಿದವರು ಇದನ್ನು ಕೋಹೌಸಿಂಗ್ ಎನ್ನುತ್ತಾರೆ, ಡೆನ್ಮಾರ್ಕಿನ ಉದಾಹರಣೆ ಕೊಡುತ್ತಾರೆ. ಅಷ್ಟು ದೂರ ಹೋಗಬೇಕಿಲ್ಲ. ರೈಟರ್ಸ್ ಬಿಲ್ಡಿಂಗ್‌ನ ಹುಡುಗರು, ಈ ಚೌಕದ ಆಫೀಸುಗಳಿಗೆ ನಡೆದು ಬರುತ್ತಿದ್ದ ಗುಮಾಸ್ತ ಬಾಬುಗಳು ಕೂಡಿ ಬಾಡಿಗೆಗಿದ್ದ ಮೆಸ್‌ಬಾಡಿಗಳು, ಹೂಗ್ಲಿಯ ಮೇಲ್ದಂಡೆಯ ಶ್ರೀರಾಂಪುರದಿಂದ ದೋಣಿಯಲ್ಲಿ ಇಲ್ಲಿಗೆ ಪಾಠ ಹೇಳಲು ಬರುತ್ತಿದ್ದ ಕ್ರೈಸ್ತ ಮಿಷನರಿ ವಿಲಿಯಂ ಕೇರಿ ಇದ್ದ ಕೂಡುಮನೆ: ಈ ಮೂರನ್ನು ನೋಡಿದರೆ ಏನು ನಿಲ್ಲುತ್ತದೆ, ಏನು ಮುರಿಯುತ್ತದೆ ಎಂಬುದು ತಿಳಿಯುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕೂಡಿ ಬಾಳುವುದಕ್ಕೆ ದೊಡ್ಡ ಮನಸ್ಸು ಬೇಕು ಅನ್ನುವುದು ಅರ್ಧ ಸತ್ಯ. ಮೊದಲು ಬೇಕಾದದ್ದು ಲೆಕ್ಕದ ಪುಸ್ತಕ.

1. ಸೂರು ಒಂದಾದರೆ ಸಾಲದು, ಕೆಲಸವೂ ಒಂದಾಗಲಿ

ರೈಟರ್ಸ್ ಬಿಲ್ಡಿಂಗ್‌ನ ಹುಡುಗರಿಗೆ ಏನೂ ಕಮ್ಮಿ ಇರಲಿಲ್ಲ. ಸೂರಿತ್ತು, ಸಂಬಳವಿತ್ತು, ಆಳುಕಾಳಿದ್ದರು. ಆದರೆ ಒಬ್ಬರಿಗೊಬ್ಬರು ಮಾಡಿಕೊಡಬೇಕಾದ ಕೆಲಸ ಒಂದೂ ಇರಲಿಲ್ಲ. ಪರಿಣಾಮ: ಮೋಜು, ಸಾಲ, ಸೋಮಾರಿತನ. ಗವರ್ನರ್ ಜನರಲ್ ವೆಲ್ಲೆಸ್ಲಿ 1800ರಲ್ಲಿ ಫೋರ್ಟ್ ವಿಲಿಯಂ ಕಾಲೇಜು ತೆರೆದದ್ದಕ್ಕೆ ಇವರನ್ನು ದಾರಿಗೆ ತರುವುದೂ ಒಂದು ಕಾರಣ. ಆ ಕಾಲೇಜು ಇದೇ ಕಟ್ಟಡಕ್ಕೆ ಬಂತು.

ನಮ್ಮ ಅಪಾರ್ಟ್‌ಮೆಂಟುಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಇನ್ನೂರು ಮನೆ, ಒಂದು ಈಜುಕೊಳ, ಒಂದು ವಾಟ್ಸ್ಆ್ಯಪ್ ಗುಂಪು. ಮೇಂಟೆನೆನ್ಸ್ ಕಟ್ಟಿದರೆ ಕರ್ತವ್ಯ ಮುಗಿಯಿತು. ಅದು ಒಟ್ಟಿಗಿರುವುದೇ ಹೊರತು ಕೂಡಿರುವುದಲ್ಲ. ನಿಮ್ಮ ಗುಂಪು ಜಾಗ ಹುಡುಕುವ ಮೊದಲು, ವಾರಕ್ಕೊಮ್ಮೆ ಎಲ್ಲರೂ ಕೈಹಾಕಿ ಮಾಡುವ ಕೆಲಸ ಯಾವುದು ಎಂದು ಗೊತ್ತುಮಾಡಿಕೊಳ್ಳಿ. ಅಡುಗೆ ಅತ್ಯುತ್ತಮ. ತೋಟವೂ ಆದೀತು.

2. ಊಟಕ್ಕೆ ಎಲೆ ಲೆಕ್ಕ, ಬಾಡಿಗೆಗೆ ಸಮಪಾಲು

ಇದು ಮೆಸ್‌ಬಾಡಿಯ ಅತಿ ದೊಡ್ಡ ಕೊಡುಗೆ. ಹ್ಯಾರಿಸನ್ ರಸ್ತೆ, ಆಮ್ಹರ್ಸ್ಟ್ ಸ್ಟ್ರೀಟ್, ಮುಕ್ತಾರಾಂ ಬಾಬು ಸ್ಟ್ರೀಟ್, ಬೌಬಜಾರ್ ಕಡೆಗಳಲ್ಲಿ ಇಂಥ ಮನೆಗಳು ಸಾಲುಸಾಲಾಗಿದ್ದವು. ಹೆಂಡತಿ ಮಕ್ಕಳನ್ನು ಹಳ್ಳಿಯಲ್ಲಿ ಬಿಟ್ಟು ಬಂದ ಗುಮಾಸ್ತರು, ಜತೆಗೆ ಕಾಲೇಜು ಹುಡುಗರು. ಕೋಣೆಗೆ ಇಬ್ಬರೋ ಮೂವರೋ, ತಲೆಗೊಂದು ಹಲಗೆ ಮಂಚ, ಗೂಟಕ್ಕೆ ನೇತುಹಾಕಿದ ಛತ್ರಿ. ಅಡುಗೆಗೆ 'ಠಾಕೂರ್', ಅಂದರೆ ನಮ್ಮ ಭಟ್ಟರು. ಬಹಳ ಕಡೆ ಅವರು ಒಡಿಶಾದವರು.

ಲೆಕ್ಕ ಹೀಗೆ. ಒಂದು ಖಾತೆ ಪುಸ್ತಕ. ಉದ್ದಕ್ಕೆ ಹೆಸರು, ಅಡ್ಡಕ್ಕೆ ತಾರೀಖು, ಪ್ರತಿ ತಾರೀಖಿಗೆ ಬೆಳಗ್ಗೆ, ರಾತ್ರಿ ಎಂದು ಎರಡು ಮನೆ. ಉಂಡರೆ ಗೀಟು, ಇಲ್ಲದಿದ್ದರೆ ಸೊನ್ನೆ. ಶನಿವಾರ ಮಧ್ಯಾಹ್ನ ಊರಿಗೆ ರೈಲು ಹತ್ತಿದವನಿಗೆ ಸೋಮವಾರದ ತನಕ ಸೊನ್ನೆ. ಯಾರಾದರೂ ಭಾವಮೈದುನನನ್ನು ಊಟಕ್ಕೆ ಕರೆತಂದರೆ ಆ ಗೀಟು ಕರೆತಂದವನ ಸಾಲಿಗೆ. ತಿಂಗಳ ಕೊನೆಗೆ ಮಾರುಕಟ್ಟೆ ಖರ್ಚನ್ನೆಲ್ಲ ಕೂಡಿ, ಒಟ್ಟು ಗೀಟುಗಳಿಂದ ಭಾಗಿಸಿದರೆ ಒಂದು ಊಟದ ದರ ಸಿಗುತ್ತದೆ. ಇವತ್ತಿನ ಅಂಕಿಯಲ್ಲೇ ನೋಡಿ: ಹತ್ತು ಜನ, ತಿಂಗಳಿಗೆ 480 ಊಟ, ಅಕ್ಕಿ ಬೇಳೆ ತರಕಾರಿ ಹಾಲಿಗೆ 24,000 ರೂಪಾಯಿ. ಒಂದೂಟಕ್ಕೆ 50. ನಲವತ್ತು ಸಲ ಉಂಡವರು 2,000 ಕೊಡುತ್ತಾರೆ, 56 ಸಲ ಉಂಡವರು 2,800. ಬಾಡಿಗೆ, ಭಟ್ಟರ ಸಂಬಳ, ದೀಪದ ಖರ್ಚು ಮಾತ್ರ ತಲೆಗಿಷ್ಟು ಎಂದು ಸಮಪಾಲು, ಉಂಡರೂ ಸರಿ, ಉಪವಾಸವಿದ್ದರೂ ಸರಿ.

ಇಷ್ಟು ಸರಳ ವಿಷಯವನ್ನು ಯಾಕೆ ಎಳೆದು ಹೇಳುತ್ತಿದ್ದೇನೆಂದರೆ, ಕೂಡಿ ಬಾಳಲು ಹೊರಟ ಬಹುಪಾಲು ಸ್ನೇಹಿತರು ಕೆಡುವುದು ಇಲ್ಲೇ. "ನಮ್ಮನಮ್ಮಲ್ಲಿ ಏನು ಲೆಕ್ಕ, ಎಲ್ಲ ಸಮ ಹಾಕಿಬಿಡೋಣ" ಎಂದವರೇ ಮೂರನೇ ತಿಂಗಳಿಗೆ, "ಅವರ ಮನೆಗೆ ದಿನಾ ನೆಂಟರು, ನಾವು ಯಾಕ್ರೀ ಕೊಡಬೇಕು" ಎನ್ನುತ್ತಾರೆ. ಗೀಟಿನ ಪುಸ್ತಕ ಇದ್ದರೆ ನೆಂಟರು ಎಷ್ಟು ಬಂದರೂ ತಕರಾರಿಲ್ಲ. ಅವರ ಎಲೆಯ ಖರ್ಚು ಕರೆತಂದವರ ಸಾಲಿಗೇ ಹೋಗುತ್ತದೆ.

ಇಡೀ ಸಂಪಾದನೆಯನ್ನೇ ಒಟ್ಟು ಹಾಕುವ ದಾರಿಯೂ ಇತ್ತು. ಶ್ರೀರಾಂಪುರದವರು ಅದನ್ನೇ ಮಾಡಿದರು. ಸ್ವಂತ ವ್ಯಾಪಾರ ಯಾರೂ ಮಾಡಕೂಡದು, ಬಂದದ್ದೆಲ್ಲ ಸಾಮಾನ್ಯ ನಿಧಿಗೆ. ಕೇರಿಗೆ ಫೋರ್ಟ್ ವಿಲಿಯಂ ಕಾಲೇಜಿನಿಂದ ಮೊದಮೊದಲು ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಮನೆಗೆಂದು ಅಲ್ಪಸ್ವಲ್ಪ ಉಳಿಸಿಕೊಂಡು ಮಿಕ್ಕದ್ದು ನಿಧಿಗೇ ಹೋಯಿತು. ಅದಕ್ಕೆ ಧರ್ಮಶ್ರದ್ಧೆ ಬೇಕು. ಸೈಟು ಹುಡುಕುತ್ತಿರುವ ನಮ್ಮ ನಿಮ್ಮಂಥವರಿಗೆ ಮೆಸ್ಸಿನ ಪುಸ್ತಕವೇ ಕ್ಷೇಮ.

3. ಯಜಮಾನಿಕೆ ತಿಂಗಳಿಗೊಬ್ಬರದು

ಮೆಸ್ಸಿನ ಮ್ಯಾನೇಜರ್ ಸಂಬಳದವನಲ್ಲ, ಅಲ್ಲೇ ಇರುವವರಲ್ಲಿ ಒಬ್ಬ. ಈ ತಿಂಗಳು ಇವನು, ಮುಂದಿನ ತಿಂಗಳು ಅವನು. ಬೆಳಗ್ಗೆ ಚೀಲ ಹಿಡಿದು ಮಾರುಕಟ್ಟೆಗೆ ಹೋಗುವುದು, ಮೀನಿನವನ ಹತ್ತಿರ ಚೌಕಾಸಿ, ಭಟ್ಟರ ಸಿಟ್ಟು ಇಳಿಸುವುದು, ಎಲ್ಲ ಅವನದೇ. ಉಳಿತಾಯ ಮಾಡಿದವನು ತಿಂಗಳ ಕೊನೆಗೆ ಭರ್ಜರಿ ಊಟ ಹಾಕಿಸಿ ಹೆಸರು ಗಳಿಸುತ್ತಿದ್ದ.

ಶ್ರೀರಾಂಪುರದಲ್ಲೂ ಇದೇ ನಿಯಮ. 1800ರ ಜನವರಿಯಲ್ಲಿ ಕೇರಿ, ಮಾರ್ಷ್‌ಮನ್, ವಾರ್ಡ್ ಮತ್ತು ಜತೆಯವರು ಒಂದು ಮನೆ ಹೂಡಿದಾಗ ಮೊದಲ ದಿನಗಳಲ್ಲೇ ಕೆಲಸ ಹಂಚಿಕೊಂಡರು: ಹಣದ ಪೆಟ್ಟಿಗೆ ಮತ್ತು ಔಷಧಿ ಪೆಟ್ಟಿಗೆ ಕೇರಿಯ ಬಳಿ, ಪುಸ್ತಕಗಳು ಜತೆಯವರಲ್ಲೊಬ್ಬನಾದ ಫೌಂಟನ್ ಬಳಿ, ಮನೆಯ ಮೇಲ್ವಿಚಾರಣೆ ತಿಂಗಳಿಗೊಬ್ಬರಂತೆ ಸರದಿ. ಚೆನ್ನಾಗಿ ಮಾಡುವವರ ತಲೆಗೇ ಪ್ರತಿ ಸಲ ಕಟ್ಟುವುದು ನಮ್ಮ ಸಂಘಗಳ ಹಳೆಯ ರೋಗ. ಹಾಗೆ ಮಾಡಿದರೆ ಅವರು ಎರಡು ವರ್ಷಕ್ಕೆ ಸುಸ್ತಾಗುತ್ತಾರೆ, ಉಳಿದವರು ಎರಡೇ ತಿಂಗಳಿಗೆ ಟೀಕಾಕಾರರಾಗುತ್ತಾರೆ. ಒಂದು ಸಲ ಚೀಲ ಹಿಡಿದು ಹೋಗಿ ಬಂದವನು ಸಾರಿಗೆ ಉಪ್ಪು ಕಮ್ಮಿ ಎಂದು ಗೊಣಗುವುದು ತಾನಾಗಿ ನಿಲ್ಲುತ್ತದೆ.

ಕೀಲಿಕೈಯೆಲ್ಲ ಒಬ್ಬನ ಸೊಂಟದಲ್ಲೇ ಇದ್ದರೆ ಏನಾಗಬಹುದು ಎನ್ನುವುದಕ್ಕೆ ಶರದಿಂದು ಬಂದ್ಯೋಪಾಧ್ಯಾಯರ ಪತ್ತೇದಾರಿ ಕಥೆ 'ಸತ್ಯಾನ್ವೇಷಿ' ಓದಿ. ದೂರದರ್ಶನದಲ್ಲಿ 1993ರಲ್ಲಿ ರಜಿತ್ ಕಪೂರ್ ನಟಿಸಿದ ಅದರ ಪತ್ತೇದಾರ ಬ್ಯೋಮಕೇಶ್ ಬಕ್ಷಿ ನೆನಪಿರುವವರಿಗೆ ಗೊತ್ತಿರುತ್ತದೆ. ಮೆಸ್ಸು ನಡೆಸುವ ಸಾಧು ಡಾಕ್ಟರರೇ ಅಲ್ಲಿ ಅಪರಾಧಿ. ಕಥೆ ಹಳೆಯದು, ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಕ್ಷಮೆಯಿರಲಿ.

4. ಜಗಳಕ್ಕೆ ಒಂದು ದಿನ, ಒಂದು ಹೊತ್ತು ಗೊತ್ತುಮಾಡಿ

ಶ್ರೀರಾಂಪುರದವರ ಏರ್ಪಾಟುಗಳಲ್ಲಿ ನನಗೆ ಅತಿ ಹೆಚ್ಚು ಮೆಚ್ಚಿಗೆಯಾದದ್ದು ಇದು. ಶನಿವಾರ ಸಂಜೆ ಎಲ್ಲರೂ ಕೂತು ವಾರದಲ್ಲಿ ಬಂದ ಮನಸ್ತಾಪಗಳನ್ನು ಆಡಿ ತೀರಿಸಬೇಕು. ಪ್ರಾರ್ಥನೆಗೆ ಭಾನುವಾರ ಇದ್ದೇ ಇತ್ತು. ದೇವರ ಕೆಲಸಕ್ಕೆಂದು ಸಮುದ್ರ ದಾಟಿ ಬಂದವರೂ ತಮ್ಮ ನಡುವೆ ಜಗಳ ಬರುತ್ತದೆ ಎಂದು ಮೊದಲೇ ಒಪ್ಪಿಕೊಂಡು ಅದಕ್ಕೊಂದು ಹೊತ್ತು ಮೀಸಲಿಟ್ಟರಲ್ಲ, ಆ ವ್ಯವಹಾರಜ್ಞಾನ ದೊಡ್ಡದು.

ಅದಕ್ಕೆ ಮೊದಲು ಇದೇ ಕೇರಿ ಮತ್ತು ಜತೆಗಾರ ಜಾನ್ ಥಾಮಸ್ ಯಾವ ಕಟ್ಟುಪಾಡೂ ಇಲ್ಲದೆ ದುಡ್ಡಿನ ವಿಷಯದಲ್ಲಿ ಪಡಬಾರದ ಪಾಡು ಪಟ್ಟಿದ್ದರು. 1793ರಲ್ಲಿ ಕೋಲ್ಕತ್ತಕ್ಕೆ ಬಂದಿಳಿದ ಮೇಲೆ ತಂದ ಹಣ ಬೇಗ ಕರಗಿ, ಕೇರಿಯ ಸಂಸಾರ ಬೀದಿಗೆ ಬೀಳುವುದರಲ್ಲಿತ್ತು. ಶನಿವಾರದ ಸಭೆ ಆ ಅನುಭವದ ಪಾಠವೂ ಇದ್ದೀತು.

ನೀವು ಮಾಡಬೇಕಾದದ್ದು ಇಷ್ಟು. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ. ಫೋನು ಕೋಣೆಯ ಆಚೆ. ಪ್ರತಿಯೊಬ್ಬರೂ ತಮ್ಮ ದೂರನ್ನು ಸಂಬಂಧಪಟ್ಟವರ ಮುಖ ನೋಡಿ ಹೇಳಬೇಕು. ಬೇರೆ ದಿನ, ಬೇರೆಯವರ ಕಿವಿಯಲ್ಲಿ ಹೇಳುವಂತಿಲ್ಲ. ಒಣಗಲು ಹಾಕಿದ ಬಟ್ಟೆ, ಚಪ್ಪಲಿ, ರಾತ್ರಿ ಹನ್ನೊಂದರ ಟೀವಿ ಸದ್ದು: ದೂರುಗಳು ಹೀಗೇ ಇರುತ್ತವೆ, ನಗಬೇಡಿ. ಮನೆ ಮುರಿಯುವುದು ಸಿದ್ಧಾಂತದಿಂದಲ್ಲ, ಚಪ್ಪಲಿಯಿಂದ. ವಠಾರದಲ್ಲಿ ಬೆಳೆದವರನ್ನು ಕೇಳಿ. ಬೆಳಗ್ಗೆ ನಲ್ಲಿ ಹತ್ತಿರ ಕೊಡಗಳ ಸಾಲಿನಲ್ಲಿ ಹುಟ್ಟಿದ ಜಗಳ ಮಧ್ಯಾಹ್ನ ಹಪ್ಪಳ ಒಣಗಿಸುವ ಹೊತ್ತಿಗೆ ಇಳಿದಿರುತ್ತಿತ್ತು. ಯಾಕೆಂದರೆ ಹಪ್ಪಳ ಕಾಯಲು ಪಕ್ಕದ ಮನೆಯವರೇ ಬೇಕಿತ್ತು. ಇವತ್ತು ಆ ನಲ್ಲಿಯೂ ಇಲ್ಲ, ಹಪ್ಪಳವೂ ಇಲ್ಲ. ಆದ್ದರಿಂದ ಸಭೆ ಕರೆಯಲೇಬೇಕು.

5. ಬರೆದಿಡಿ, ವರ್ಷಕ್ಕೆ ಮೂರು ಸಲ ಓದಿ

1805ರ ಅಕ್ಟೋಬರ್‌ನಲ್ಲಿ ಶ್ರೀರಾಂಪುರದವರು ಒಪ್ಪಂದ ಪತ್ರವೊಂದನ್ನು ಬರೆದುಕೊಂಡರು. ಅದನ್ನು ಜನವರಿ, ಮೇ, ಅಕ್ಟೋಬರ್ ತಿಂಗಳ ಮೊದಲ ಭಾನುವಾರ ಎಲ್ಲರೆದುರು ಓದಬೇಕೆಂಬುದು ಅದರಲ್ಲೇ ಇತ್ತು. ನಮ್ಮಲ್ಲಿ ಬೈಲಾ ಒಮ್ಮೆ ನೋಂದಣಿಯಾಯಿತೆಂದರೆ ಮತ್ತೆ ಕಣ್ಣಿಗೆ ಬೀಳುವುದು ಕೋರ್ಟಿನಲ್ಲೇ. ಕರ್ನಾಟಕದಲ್ಲಿ ಕೂಡಿ ಕಟ್ಟುವವರಿಗೆ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1959ರ ಸಹಕಾರ ಸಂಘಗಳ ಕಾಯ್ದೆ ಇವೆ. ಯಾವುದು ಒಗ್ಗುತ್ತದೆಂದು ಒಬ್ಬ ಒಳ್ಳೆಯ ವಕೀಲರನ್ನು ಕೇಳಿಕೊಳ್ಳಿ. ಅಡುಗೆಯ ಸರದಿ, ನೆಂಟರು ಎಷ್ಟು ದಿನ, ನಾಯಿ ಬೆಕ್ಕು, ಕಾರು, ಮಾಂಸದೂಟ: ಇವು ಕಾಯ್ದೆಯಲ್ಲಿ ಬರುವುದಿಲ್ಲ, ನೀವೇ ಬರೆದುಕೊಳ್ಳಬೇಕು. ಮಾಂಸದೂಟದ ವಿಷಯವಂತೂ ಸಂಕೋಚಪಡದೆ ಮೊದಲ ದಿನವೇ ಮಾತಾಡಿ. ಎರಡು ಒಲೆ, ಎರಡು ಸೆಟ್ ಪಾತ್ರೆ ಎಂದರೆ ಖರ್ಚು ಹೆಚ್ಚೇನಿಲ್ಲ.

6. ಮಕ್ಕಳನ್ನು ಎಲ್ಲರಿಗೂ ಬಿಟ್ಟುಕೊಡಿ

ಕೂಡುಮನೆಯ ಅತಿ ದೊಡ್ಡ ಲಾಭ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು. ಕೇರಿಯ ಹೆಂಡತಿ ಡೊರೊಥಿ ಮಾನಸಿಕ ಕಾಯಿಲೆಯಿಂದ ನರಳುತ್ತಿದ್ದಳು. ಗಂಡ ಭಾಷಾಂತರದಲ್ಲಿ ಮುಳುಗಿದ್ದ. ನಾಲ್ಕು ಗಂಡುಮಕ್ಕಳು ಹೇಳುವವರು ಕೇಳುವವರಿಲ್ಲದೆ ಪುಂಡರಾಗುತ್ತಿದ್ದರು. ಅವರನ್ನು ಹಿಡಿದು ದಾರಿಗೆ ತಂದವರು ಅದೇ ಸೂರಿನ ಹ್ಯಾನಾ ಮಾರ್ಷ್‌ಮನ್ ಮತ್ತು ಮುದ್ರಕ ವಿಲಿಯಂ ವಾರ್ಡ್. ಹಿರಿಯ ಮಗ ಫೆಲಿಕ್ಸ್ ವಾರ್ಡನ ಜತೆ ಅಚ್ಚುಕೂಟದಲ್ಲಿ ಕೆಲಸ ಕಲಿತ, ಮುಂದೆ ಬರ್ಮಿ ಭಾಷೆಗೆ ವ್ಯಾಕರಣ ಬರೆದ. ಅಪ್ಪ ಕೇರಿ ಕನ್ನಡಕ್ಕೂ ಒಂದು ವ್ಯಾಕರಣ ಬರೆದು, 1817ರಲ್ಲಿ ಅದೇ ಅಚ್ಚುಕೂಟದಲ್ಲಿ ಅಚ್ಚು ಹಾಕಿಸಿದರು. ಅಕ್ಕಪಕ್ಕದವರು ಮಕ್ಕಳನ್ನು ನೋಡಿಕೊಂಡದ್ದರಿಂದ ಅವರಿಗೆ ಸಿಕ್ಕ ಬಿಡುವಿನಲ್ಲಿ ನಮಗೂ ಒಂದು ಪಾಲು ಸಂದಿದೆ ಎನ್ನಬೇಕು.

1967ರಲ್ಲಿ ಡೆನ್ಮಾರ್ಕಿನ ಬೋದಿಲ್ ಗ್ರೋ ಎಂಬಾಕೆ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಶೀರ್ಷಿಕೆ: ಮಕ್ಕಳಿಗೆ ನೂರು ಮಂದಿ ತಂದೆತಾಯಿ ಬೇಕು. ಅದನ್ನೋದಿ ಜನ ಸೇರಿಕೊಂಡರು, ಈಗಿನ ಕೋಹೌಸಿಂಗ್‌ಗೆ ಅದೂ ಒಂದು ಬೀಜ. ತಮಾಷೆಯೆಂದರೆ ಕೇರಿಯ ಕಾಲದಲ್ಲಿ ಶ್ರೀರಾಂಪುರವೂ ಡೆನ್ಮಾರ್ಕಿನ ವಸಾಹತೇ. ಡೇನರು ಅದನ್ನು ಬ್ರಿಟಿಷರಿಗೆ ಮಾರಿದ್ದು 1845ರಲ್ಲಿ.

ಪಾಲಿಸಬೇಕಾದ ನಿಯಮ ಒಂದೇ: ಪಕ್ಕದ ಮನೆಯ ಅಜ್ಜಿ ನಿಮ್ಮ ಮಗನನ್ನು ಗದರಿದರೆ ಮಗನೆದುರು ಅಜ್ಜಿಯ ಪರವೇ ನಿಲ್ಲಿ. ಆಕ್ಷೇಪಣೆಯಿದ್ದರೆ ನಾಲ್ಕನೇ ಸೂತ್ರದ ಸಭೆಯಿದೆ.

7. ಬಾಗಿಲು ಹಾಕಿಕೊಂಡವರನ್ನು ತಟ್ಟಬೇಡಿ

ಹ್ಯಾರಿಸನ್ ರಸ್ತೆಯ, ಅಂದರೆ ಇಂದಿನ ಮಹಾತ್ಮ ಗಾಂಧಿ ರಸ್ತೆಯ ಪ್ರೆಸಿಡೆನ್ಸಿ ಬೋರ್ಡಿಂಗ್ ಹೌಸ್‌ನಲ್ಲಿ ಶರದಿಂದು ಇದ್ದರು, ಕವಿ ಜೀವನಾನಂದ ದಾಸ್ ಕೂಡ ಇದ್ದರು. ಹಾಸ್ಯ ಲೇಖಕ ಶಿಬರಾಂ ಚಕ್ರವರ್ತಿ ಜೀವನದ ಬಹುಭಾಗ ಕಳೆದದ್ದು ಮುಕ್ತಾರಾಂ ಬಾಬು ಸ್ಟ್ರೀಟಿನ ಮೆಸ್ಸಿನ ಒಂದು ಕೋಣೆಯಲ್ಲಿ. ವಿಳಾಸ, ಫೋನ್ ನಂಬರುಗಳನ್ನೆಲ್ಲ ಗೋಡೆಯ ಮೇಲೇ ಬರೆದಿಟ್ಟುಕೊಂಡು, ಸುಣ್ಣ ಬಳಿಯಲು ಬಂದವರನ್ನು ಒಳಗೆ ಬಿಡುತ್ತಿರಲಿಲ್ಲವಂತೆ. ಊಟದ ಗಂಟೆಗೆ ಕೆಳಗೆ, ಮಿಕ್ಕ ಹೊತ್ತು ತಮ್ಮ ಪಾಡಿಗೆ ತಾವು. ಬರಬೇಕೆಂಬ ಬಲವಂತ ಇಲ್ಲದಿದ್ದರೆ ಜನ ಬರುತ್ತಾರೆ. ಹಾಜರಾತಿ ಹಿಡಿದರೆ ಬರುವುದಿಲ್ಲ.

8. ಪಾತ್ರೆ ತೊಳೆಯುವವರು ಯಾರು?

ಮೆಸ್‌ಬಾಡಿಯನ್ನು ಹೊಗಳುವವರು ಮರೆಯುವ ಪ್ರಶ್ನೆ. ಬಾಬುಗಳ ಹರಟೆ, ತಾಸ್ ಆಟ, ಸಾಹಿತ್ಯ ಎಲ್ಲ ನಡೆದದ್ದು ಅಡುಗೆಮನೆಯ ಹೊಗೆಯಲ್ಲಿ ಭಟ್ಟರು ಬೇಯುತ್ತಿದ್ದುದರಿಂದ, ಊರಲ್ಲಿ ಹೆಂಡತಿ ಒಬ್ಬಳೇ ಅತ್ತೆ, ಮಾವ, ಮಕ್ಕಳು, ಗದ್ದೆ ಎಲ್ಲ ನೋಡಿಕೊಳ್ಳುತ್ತಿದ್ದುದರಿಂದ. ಅದು ಗಂಡಸರ ಮನೆ. 1953ರ 'ಸಾಡೆ ಚುವಾತ್ತೋರ್' ಸಿನಿಮಾದಲ್ಲಿ ಅಂಥದೊಂದು ಮೆಸ್ಸಿಗೆ ಹೆಣ್ಣುಮಗಳಿರುವ ಸಂಸಾರ ಬಂದು ಸೇರಿದ್ದಕ್ಕೇ ಎಲ್ಲರ ತಲೆ ಕೆಡುತ್ತದೆ. ಉತ್ತಮ್ ಕುಮಾರ್, ಸುಚಿತ್ರಾ ಸೇನ್ ಜೋಡಿಯಾದ ಮೊದಲ ಚಿತ್ರ ಅದು. ನಗುವಿನ ಚಿತ್ರವೇ, ಆದರೆ ಹೆಣ್ಣಿಗೆ ಅಲ್ಲಿ ಜಾಗವಿರಲಿಲ್ಲ ಎಂಬುದೂ ಅದರಿಂದಲೇ ಗೊತ್ತಾಗುತ್ತದೆ.

ಶ್ರೀರಾಂಪುರದ ನಿಧಿಗೆ ಹ್ಯಾನಾ ಮಾರ್ಷ್‌ಮನ್ ದಂಪತಿಯ ವಸತಿಶಾಲೆಯಿಂದ ಬಂದದ್ದು ಸಣ್ಣ ಮೊತ್ತವಲ್ಲ. ಆದರೂ ಇತಿಹಾಸದಲ್ಲಿ ಹೆಸರು ನಿಂತದ್ದು ಮೂವರು ಗಂಡಸರದು. ನಿಮ್ಮ ಸರದಿ ಪಟ್ಟಿಯಲ್ಲಿ ಮನೆಯ ಹೆಸರು ಬರೆಯಬೇಡಿ, ವ್ಯಕ್ತಿಯ ಹೆಸರು ಬರೆಯಿರಿ. 'ಮೂರನೇ ನಂಬರ್ ಮನೆ' ಎಂದು ಬರೆದರೆ ಪ್ರತಿ ಸಲ ಚಟ್ನಿ ರುಬ್ಬುವುದು ಆ ಮನೆಯ ಹೆಂಗಸೇ. ಕೆಲಸದವರನ್ನು ಇಟ್ಟುಕೊಂಡರೆ ಅವರ ಸಂಬಳ, ವಾರದ ರಜೆ ಎರಡೂ ಐದನೇ ಸೂತ್ರದ ಕಾಗದದಲ್ಲಿರಲಿ.

9. ಅವಸರ ಬೇಡ

ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗುಡ್‌ಮನ್ ಹೋಯರ್ ಗೆಳೆಯರೊಂದಿಗೆ ಕೂಡುವಸತಿಯ ನಕ್ಷೆ ಹಾಕಿದ್ದು 1964ರಲ್ಲಿ. ಅಕ್ಕಪಕ್ಕದವರು ವಿರೋಧಿಸಿದ್ದರಿಂದ ಅದು ಬಿದ್ದುಹೋಯಿತು. ಸೆಟ್ಟೆಡಾಮೆನ್ ಎಂಬಲ್ಲಿ ಮೊದಲ ಕೂಡುವಸತಿ ತಲೆ ಎತ್ತಿದಾಗ 1972. ಅಷ್ಟರಲ್ಲಿ ಬಿಡುವವರು ಬಿಟ್ಟಿರುತ್ತಾರೆ, ಉಳಿದವರು ನಂಬಬಹುದಾದವರು. ನೀವೂ ಸೈಟ್ ಕೊಳ್ಳುವ ಮೊದಲು ಒಂದು ವರ್ಷ ಬಾಡಿಗೆಗೆ ಒಂದೇ ಕಟ್ಟಡದಲ್ಲಿದ್ದು ನೋಡಿ.

10. ಹೊರಡುವ ದಾರಿಯನ್ನು ಮೊದಲೇ ಹಾಕಿಡಿ

1812ರ ಮಾರ್ಚ್ 11ರ ಸಂಜೆ ಶ್ರೀರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕಾಗದ, ಅಚ್ಚುಮೊಳೆ, ವರ್ಷಗಟ್ಟಲೆ ಕೂತು ಬರೆದ ಹಸ್ತಪ್ರತಿಗಳು ಬೂದಿಯಾದವು. ಬೂದಿ ಕೆದಕಿ ಅಚ್ಚಿನ ಪಡಿಗಳನ್ನು ಹೆಕ್ಕಿ, ಕರಗಿದ ಲೋಹದಿಂದ ಹೊಸ ಮೊಳೆ ಎರಕ ಹೊಯ್ದು ಅವರು ಬೇಗನೆ ಮತ್ತೆ ಕೆಲಸಕ್ಕೆ ನಿಂತರು. ಒಬ್ಬಂಟಿಯಾಗಿದ್ದರೆ ಆಗುತ್ತಿರಲಿಲ್ಲ. ಅಂಥ ಮನೆಯೂ ಕೊನೆಗೆ ಜಗಳಕ್ಕೆ ಸಿಕ್ಕಿತು, ಅದೂ ಆಸ್ತಿಯ ಜಗಳಕ್ಕೆ. 1815ರಲ್ಲಿ, ಇವರನ್ನು ಕಳಿಸಿದ್ದ ಇಂಗ್ಲೆಂಡಿನ ಮಿಷನ್ ಸಂಸ್ಥೆಯ ಕಾರ್ಯದರ್ಶಿ, ಹಿರಿಯ ಗೆಳೆಯ ಆ್ಯಂಡ್ರೂ ಫುಲರ್ ತೀರಿಕೊಂಡ ಮೇಲೆ, ಶ್ರೀರಾಂಪುರದ ಮನೆಗಳು ಯಾರದು, ಹೊಸದಾಗಿ ಬಂದ ಕಿರಿಯರು ಹಿರಿಯರ ಮಾತು ಎಷ್ಟು ಕೇಳಬೇಕು ಎಂಬ ಪ್ರಶ್ನೆಗಳೆದ್ದವು. ಕಿರಿಯರು ಬೇರ್ಪಟ್ಟು ಕೋಲ್ಕತ್ತದಲ್ಲೇ ತಮ್ಮದೊಂದು ಗುಂಪು ಕಟ್ಟಿಕೊಂಡರು, ಅವರಲ್ಲಿ ಕೇರಿಯ ಸೋದರಮಗನೂ ಇದ್ದ. 1827ರಲ್ಲಿ ಆ ಮಾತೃಸಂಸ್ಥೆಯ ಜತೆಗಿನ ನಂಟೂ ಕಡಿಯಿತು.

ಮೆಸ್‌ಬಾಡಿಗೆ ಈ ತಾಪತ್ರಯ ಇರಲಿಲ್ಲ. ಅಲ್ಲಿ ಯಾರ ಆಸ್ತಿಯೂ ಇರಲಿಲ್ಲ. ಕೆಲಸ ಬದಲಾದವನು ಬಾಕಿ ತೀರಿಸಿ, ಟ್ರಂಕು ಹೊತ್ತು ಹೊರಡುತ್ತಿದ್ದ. 1957ರಲ್ಲಿ ಹೌರಾ ಕಡೆಯ ಲೋಕಲ್ ರೈಲುಗಳಿಗೆ ವಿದ್ಯುತ್ ಬಂದು, ದಿನಾ ಊರಿಂದ ಓಡಾಡುವುದು ಸುಲಭವಾಗುತ್ತ ಹೋದಾಗ ಮೆಸ್ಸುಗಳು ಕೋರ್ಟು ಕಚೇರಿಯಿಲ್ಲದೆ ಒಂದೊಂದಾಗಿ ಬರಿದಾದವು.

ನಿಮ್ಮದು ಸ್ವಂತ ಆಸ್ತಿ, ಅಷ್ಟು ಸಲೀಸಲ್ಲ. ಆದ್ದರಿಂದ ಮೊದಲ ಪತ್ರದಲ್ಲೇ ಇವಿಷ್ಟು ಇರಲಿ: ಒಬ್ಬರು ಮಾರಲು ಹೊರಟರೆ ಮೊದಲ ಹಕ್ಕು ಗುಂಪಿಗೆ, ಎಷ್ಟು ತಿಂಗಳೊಳಗೆ ಎಂಬ ಗಡುವಿನ ಸಮೇತ. ಬೆಲೆ ಕಟ್ಟುವವರು ಹೊರಗಿನವರು. ಒಬ್ಬರು ತೀರಿಕೊಂಡರೆ ಅಮೆರಿಕದಲ್ಲಿರುವ ಮಗನಿಗೆ ಮನೆ ಹೋಗುತ್ತದೆ ಸರಿ, ಆದರೆ ಅವನು ಬಾಡಿಗೆಗೆ ಕೊಡುವಾಗ ಗುಂಪನ್ನು ಕೇಳಬೇಕೇ ಬೇಡವೇ? ಕಾಯಿಲೆಬಿದ್ದು ಹಾಸಿಗೆ ಹಿಡಿದವರನ್ನು ಅಕ್ಕಪಕ್ಕದವರು ಎಲ್ಲಿಯವರೆಗೆ ನೋಡಿಕೊಳ್ಳುತ್ತಾರೆ, ಎಲ್ಲಿಂದ ಮುಂದೆ ಸಂಬಳದ ನರ್ಸ್? ಸಾಮಾನ್ಯ ಅಡುಗೆಮನೆಯ ಫ್ರಿಜ್ಜು, ಗ್ರೈಂಡರಿನಲ್ಲಿ ಹೊರಡುವವರಿಗೆ ಪಾಲುಂಟೇ? ಇಲ್ಲ ಎಂದೇ ಬರೆಯಿರಿ. ಗ್ರೈಂಡರ್ ಅಲ್ಲೇ ಇರಲಿ.